ಗ್ಯಾಸ್ ಮೇಲೆ ಹೋಗುತ್ತಾ, ಕೆಳಗೆ ಕೂರುತ್ತಾ? ನಿಯಾನ್ ಕಂಡುಹಿಡಿದು ಬೆಂಗಳೂರಿಗೆ ಬಂದ ಟ್ರಾವರ್ಸ್ ಅವರ ಕಥೆ

ಹೋದ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ತಕ್ಷಣ ಎಕ್ಸಾಸ್ಟ್ ಫ್ಯಾನ್ ಹಾಕಬೇಕಂತೆ. ಗ್ಯಾಸ್ ಹಗುರವಂತೆ, ಮೇಲಕ್ಕೇರಿ ಫ್ಯಾನಿನಿಂದ ಹೊರಟುಹೋಗುತ್ತದಂತೆ. ಕೊನೆಗೆ ಎಂದಿನಂತೆ ಎಲ್ಲರಿಗೂ ಕಳಿಸಿ ಎಂಬ ಸಾಲು. ಗಾಂಧಿಬಜಾರಿನ ಹತ್ತಿರ ಇರುವ ನಮ್ಮ ದೊಡ್ಡಮ್ಮ ಅದನ್ನು ನಂಬಿ ಇನ್ನೂ ಮೂರು ಗ್ರೂಪಿಗೆ ಕಳಿಸಿಯಾಗಿತ್ತು.

ಅದೇ ವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡಮ್ಮ ಮೊಮ್ಮಗನಿಗೆ ಒಂದು ಗ್ಯಾಸ್ ಬಲೂನು ಕೊಡಿಸಿದರು. ರಾತ್ರಿ ಸೂರಿಗೆ ತಾಗಿ ನಿಂತಿದ್ದ ಬಲೂನು ಬೆಳಗಾಗುವಷ್ಟರಲ್ಲಿ ಸೊರಗಿ ನೆಲದಲ್ಲಿ ಬಿದ್ದಿತ್ತು. ಗಂಟು ಬಿಚ್ಚಿರಲಿಲ್ಲ, ತೂತು ಕಾಣಲಿಲ್ಲ. ಒಳಗಿದ್ದ ಗಾಳಿ ಎಲ್ಲಿಗೆ ಹೋಯಿತು ಎಂದು ಹುಡುಗ ಕೇಳಿದ. ನಮ್ಮಲ್ಲಿ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ: ಆ ಫಾರ್ವರ್ಡ್ ತಪ್ಪು. ಬರೀ ತಪ್ಪಲ್ಲ, ಅದನ್ನು ಪಾಲಿಸಿದರೆ ಪ್ರಾಣಕ್ಕೇ ಅಪಾಯ. ಏಕೆ ತಪ್ಪು ಎಂದು ತಿಳಿಯಲು ಹೊರಟಾಗ ನನಗೆ ಸಿಕ್ಕಿದ್ದು ಒಬ್ಬ ಮನುಷ್ಯನ ಜೀವನ. ಅನಿಲಗಳನ್ನು ಸಣ್ಣ ರಂಧ್ರಗಳಿಂದ ಹಾಯಿಸಿ, ಕುದಿಸಿ, ಬೇರ್ಪಡಿಸಿ ಮೂರು ಹೊಸ ಮೂಲವಸ್ತುಗಳನ್ನು ಜಗತ್ತಿಗೆ ಕೊಟ್ಟ ಇಬ್ಬರಲ್ಲಿ ಅವರೊಬ್ಬರು. ಆಮೇಲೆ ಸುಮಾರು ಎಂಟು ವರ್ಷ ನಮ್ಮ ಬೆಂಗಳೂರಿನಲ್ಲೇ ಕೆಲಸ ಮಾಡಿದರು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು ಅವರೇ. ಹೆಸರು ಮಾರಿಸ್ ವಿಲಿಯಂ ಟ್ರಾವರ್ಸ್. ಆ ಸಂಸ್ಥೆಯ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಟಾಟಾ, ವಿವೇಕಾನಂದರ ಹಡಗಿನ ಭೇಟಿ ತಪ್ಪದೆ ಇರುತ್ತದೆ. ಟ್ರಾವರ್ಸ್ ಹೆಸರು ನಾನಂತೂ ಒಂದರಲ್ಲೂ ನೋಡಿಲ್ಲ.

ಬಿರುಕು ಬಿಟ್ಟ ಗಾಜಿನಿಂದ ಹುಟ್ಟಿದ ನಿಯಮ

ಟ್ರಾವರ್ಸ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು, 1823ರಲ್ಲಿ, ಜರ್ಮನಿಯ ಡೋಬರೈನರ್ ಒಂದು ವಿಚಿತ್ರ ಗಮನಿಸಿದರು. ನೀರಿನ ಮೇಲೆ ಬೋರಲು ಹಾಕಿದ್ದ ಗಾಜಿನ ಪಾತ್ರೆಯಲ್ಲಿ ಹೈಡ್ರೋಜನ್ ತುಂಬಿಟ್ಟಿದ್ದರು. ಪಾತ್ರೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಸ್ವಲ್ಪ ಹೊತ್ತಿನಲ್ಲಿ ಒಳಗಿನ ನೀರು ತಾನಾಗಿ ಮೇಲಕ್ಕೇರಿತು. ಅಂದರೆ ಹೈಡ್ರೋಜನ್ ಬಿರುಕಿನಿಂದ ಹೊರಗೆ ಹೋಗಿತ್ತು, ಆದರೆ ಅಷ್ಟೇ ವೇಗದಲ್ಲಿ ಹೊರಗಿನ ಗಾಳಿ ಒಳಗೆ ಬಂದಿರಲಿಲ್ಲ.

ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಿರಡೆಗಳ ಮೂಲಕ ಬೇರೆ ಬೇರೆ ಅನಿಲಗಳನ್ನು ಹಾಯಿಸಿ, 1830ರ ದಶಕದ ಆರಂಭದಲ್ಲಿ ಅವರು ಒಂದು ನಿಯಮ ಕಂಡುಕೊಂಡರು. ಅನಿಲ ಹಗುರವಾದಷ್ಟೂ ಸಣ್ಣ ರಂಧ್ರದಿಂದ ಬೇಗ ಪಾರಾಗುತ್ತದೆ. ಎಷ್ಟು ಬೇಗ ಎಂಬುದು ತೂಕದ ವರ್ಗಮೂಲಕ್ಕೆ ವಿಲೋಮ. ಆಕ್ಸಿಜನ್ ಅಣು ಹೈಡ್ರೋಜನ್ ಅಣುವಿಗಿಂತ 16 ಪಟ್ಟು ಭಾರ. 16ರ ವರ್ಗಮೂಲ 4. ಹಾಗಾಗಿ ಹೈಡ್ರೋಜನ್ 4 ಪಟ್ಟು ವೇಗವಾಗಿ ಹೊರಬೀಳುತ್ತದೆ.

ಕಾರಣ ಸರಳ. ಒಂದೇ ತಾಪಮಾನದಲ್ಲಿ ಎಲ್ಲ ಅನಿಲಗಳ ಅಣುಗಳಿಗೂ ಸರಾಸರಿ ಶಕ್ತಿ ಒಂದೇ. ಅಷ್ಟೇ ಶಕ್ತಿಯಲ್ಲಿ ಹಗುರವಾದದ್ದು ಜೋರಾಗಿ ಓಡುತ್ತದೆ, ಭಾರವಾದದ್ದು ನಿಧಾನ. ಜೋರಾಗಿ ಓಡಾಡುವ ಅಣು ಗೋಡೆಗೆ ಹೆಚ್ಚು ಸಲ ಬಡಿಯುತ್ತದೆ. ಹೆಚ್ಚು ಸಲ ಬಡಿದರೆ ತೂತು ಸಿಗುವ ಅವಕಾಶವೂ ಹೆಚ್ಚು. ಪರಿಷೆಯ ಜನಜಂಗುಳಿಯಲ್ಲಿ ಅತ್ತಿಂದಿತ್ತ ಓಡಾಡುವ ಮಕ್ಕಳು ಸಂದಿ ಸಿಕ್ಕ ಕೂಡಲೇ ಆಚೆ ಹೋಗಿರುತ್ತಾರೆ, ದೊಡ್ಡವರು ಇಲ್ಲೇ ನಿಂತಿರುತ್ತಾರೆ. ಹಾಗೆಯೇ ಇದು.

ಗ್ರಹಾಂ 1837ರಿಂದ 1855ರವರೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1887ರಲ್ಲಿ ಅದೇ ಪೀಠಕ್ಕೆ ವಿಲಿಯಂ ರ‍್ಯಾಮ್ಸೆ ಬಂದರು. ರ‍್ಯಾಮ್ಸೆಯವರ ಕೈಕೆಳಗೆ ತಯಾರಾದವರು ನಮ್ಮ ಟ್ರಾವರ್ಸ್.

ತಂಬಾಕಿನ ಪೈಪು ಮತ್ತು ಹೊಸ ಅನಿಲ

ಟ್ರಾವರ್ಸ್ ಹುಟ್ಟಿದ್ದು 1872ರ ಜನವರಿ 24ರಂದು, ಲಂಡನ್ನಿನಲ್ಲಿ. ತಂದೆ ವೈದ್ಯರು. ಓದಿದ್ದು ಯೂನಿವರ್ಸಿಟಿ ಕಾಲೇಜಿನಲ್ಲಿ, ನಂತರ ಸ್ವಲ್ಪ ಕಾಲ ಫ್ರಾನ್ಸಿನ ನಾನ್ಸಿಯಲ್ಲಿ. 1894ರಲ್ಲಿ, 22ನೇ ವಯಸ್ಸಿಗೆ, ರ‍್ಯಾಮ್ಸೆಯವರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದರು. ಸೇರಿದ ಸಮಯ ಅದ್ಭುತವಾಗಿತ್ತು.

ಅದೇ ವರ್ಷ ಲಾರ್ಡ್ ರ‍್ಯಾಲೆ ಮತ್ತು ರ‍್ಯಾಮ್ಸೆ ಗಾಳಿಯಲ್ಲಿ ಯಾರಿಗೂ ಗೊತ್ತಿರದ ಒಂದು ಅನಿಲ ಇದೆ ಎಂದು ಪ್ರಕಟಿಸಿದರು. ಅದೇ ಆರ್ಗಾನ್. ಅದು ಗಾಳಿಯಲ್ಲೇ ಇದೆ, ಪ್ರಯೋಗದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ ಎಂದು ತೋರಿಸಲು ಅವರು ಗ್ರಹಾಂ ದಾರಿಯನ್ನೇ ಹಿಡಿದರು. ಉದ್ದನೆಯ ಮಣ್ಣಿನ ತಂಬಾಕು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಅವುಗಳೊಳಗೆ ಗಾಳಿ ಹಾಯಿಸಿದರು. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನಮ್ಮ ಮಣ್ಣಿನ ಮಡಕೆ ಬೆವರಿ ನೀರು ತಣ್ಣಗಾಗುವುದೂ ಅದರಿಂದಲೇ. ಹಗುರವಾದ ನೈಟ್ರೋಜನ್ ಆ ರಂಧ್ರಗಳಿಂದ ತುಸು ಹೆಚ್ಚು ಸೋರಿಹೋಯಿತು, ಭಾರವಾದ ಆರ್ಗಾನ್ ಪೈಪಿನೊಳಗೆ ತುಸು ಹೆಚ್ಚು ಉಳಿಯಿತು.

1895ರಲ್ಲಿ ರ‍್ಯಾಮ್ಸೆ ಒಂದು ಖನಿಜದಿಂದ ಹೀಲಿಯಂ ಹೊರತೆಗೆದರು. ಸೂರ್ಯನ ಬೆಳಕಿನಲ್ಲಿ ಮಾತ್ರ ಗುರುತು ಸಿಕ್ಕಿದ್ದ ಅನಿಲ ಭೂಮಿಯ ಮೇಲೂ ಇತ್ತು. ಇಲ್ಲಿಂದ ಟ್ರಾವರ್ಸ್ ಅವರ ಬಲಗೈಯಾದರು. ಖನಿಜಗಳನ್ನು, ಉಲ್ಕಾಶಿಲೆಗಳನ್ನು ಕಾಯಿಸಿ ಬರುವ ಅನಿಲ ಹಿಡಿಯುವುದು, ತೂಗುವುದು, ಅದರ ಬೆಳಕಿನ ಗೆರೆಗಳನ್ನು ನೋಡುವುದು, ಇದೇ ದಿನಚರಿ. ಗಾಜು ಊದಿ ತನಗೆ ಬೇಕಾದ ಉಪಕರಣ ತಾನೇ ಮಾಡಿಕೊಳ್ಳುವುದರಲ್ಲಿ ಅವರು ನಿಪುಣರು.

ಹೀಲಿಯಂ ಪರಮಾಣುವಿನ ತೂಕ 4, ಆರ್ಗಾನ್ 40. ಮೂಲವಸ್ತುಗಳ ಪಟ್ಟಿಯಲ್ಲಿ ಇವೆರಡರ ನಡುವೆ ಸುಮಾರು 20 ತೂಕದ ಒಂದು ಅನಿಲ ಇರಲೇಬೇಕು ಎಂದು ರ‍್ಯಾಮ್ಸೆ 1897ರಲ್ಲೇ ಹೇಳಿದ್ದರು. ಅದು ಆರ್ಗಾನಿನೊಳಗೇ ಅಡಗಿರಬಹುದೇ ಎಂದು ಗುರು-ಶಿಷ್ಯರು ಆರ್ಗಾನನ್ನು ಮತ್ತೆ ಮತ್ತೆ ಸಣ್ಣ ರಂಧ್ರಗಳಿಂದ ಹಾಯಿಸಿದರು. ಬೇಗ ಹೊರಬಂದ ಭಾಗ, ತಡವಾಗಿ ಬಂದ ಭಾಗ ಎರಡನ್ನೂ ತೂಗಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಅವರು ಹುಡುಕುತ್ತಿದ್ದದ್ದು ಅಲ್ಲೇ ಇತ್ತು. ಆದರೆ ಗಾಳಿಯಲ್ಲಿ ಸುಮಾರು 500 ಪಾಲು ಆರ್ಗಾನಿಗೆ 1 ಪಾಲು ಮಾತ್ರ ನಿಯಾನ್ ಇದೆ. ರಂಧ್ರದ ಜರಡಿಗೆ ಅಷ್ಟು ಸೂಕ್ಷ್ಮ ಇರಲಿಲ್ಲ. ಇಲ್ಲಿ ಟ್ರಾವರ್ಸ್ ಸೋತರು ಎಂದು ಕಥೆ ನಿಲ್ಲಿಸಬಹುದಿತ್ತು. ಅವರು ಜರಡಿ ಬದಲಿಸಿದರು.

ಆರು ವಾರ, ಮೂರು ಅನಿಲ

1898ರ ಮೇ ತಿಂಗಳಲ್ಲಿ ಗಾಳಿಯನ್ನು ದ್ರವವಾಗಿಸುವ ಹೊಸ ಯಂತ್ರದ ಹ್ಯಾಂಪ್ಸನ್ ಅವರಿಂದ ರ‍್ಯಾಮ್ಸೆಯವರಿಗೆ ದ್ರವ ಗಾಳಿ ಸಿಕ್ಕಿತು. ದ್ರವ ಗಾಳಿ ಕುದಿದು ಆವಿಯಾಗುವಾಗ ಬೇರೆ ಬೇರೆ ಅನಿಲಗಳು ಬೇರೆ ಬೇರೆ ತಾಪಮಾನದಲ್ಲಿ ಹೊರಡುತ್ತವೆ. ಬಹುಪಾಲು ಆವಿಯಾದ ಮೇಲೆ ತಳದಲ್ಲಿ ಉಳಿದದ್ದರಲ್ಲಿ ಹಿಂದೆಂದೂ ಕಾಣದ ಹಳದಿ ಮತ್ತು ಹಸಿರು ಗೆರೆಗಳು ಕಂಡವು. ಅದು ಕ್ರಿಪ್ಟಾನ್, ಗ್ರೀಕ್ ಭಾಷೆಯಲ್ಲಿ ಅಡಗಿದ್ದು ಎಂದರ್ಥ. ಜೂನ್‌ನಲ್ಲಿ ಆರ್ಗಾನನ್ನೇ ದ್ರವವಾಗಿಸಿ ಅದರಿಂದ ಮೊದಲು ಹೊರಟ ಹಗುರ ಭಾಗವನ್ನು ಹಿಡಿದರು. ಅದನ್ನು ಗಾಜಿನ ಕೊಳವೆಗೆ ತುಂಬಿ ವಿದ್ಯುತ್ ಹಾಯಿಸಿದಾಗ ಕೊಳವೆಯೆಲ್ಲ ಕಡುಗೆಂಪಾಗಿ ಉರಿಯಿತು. ಅದು ನಿಯಾನ್, ಅಂದರೆ ಹೊಸದು. ಜುಲೈನಲ್ಲಿ ಕ್ರಿಪ್ಟಾನಿನ ತಳದಲ್ಲಿ ಇನ್ನೂ ಭಾರವಾದ ಕ್ಸೆನಾನ್ ಸಿಕ್ಕಿತು. ಅದರ ಅರ್ಥ ಅಪರಿಚಿತ.

ಇವು ಎಷ್ಟು ವಿರಳ ಎಂದು ನೋಡಬೇಕಾದರೆ ನಿಮ್ಮ ಮನೆಯ ಒಂದು ಕೋಣೆ ಸಾಕು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34,000 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ ಆರ್ಗಾನ್ 300 ಲೀಟರಿಗೂ ಹೆಚ್ಚು. ನಿಯಾನ್ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಕ್ರಿಪ್ಟಾನ್ 40 ಮಿಲಿಲೀಟರಿಗಿಂತ ಕಡಿಮೆ. ಕ್ಸೆನಾನ್ ಸುಮಾರು 3 ಮಿಲಿಲೀಟರ್, ಒಂದು ಟೀ ಚಮಚವೂ ತುಂಬುವುದಿಲ್ಲ. ಇದನ್ನು 26 ವರ್ಷದ ಯುವಕ ತನ್ನ ಗುರುವಿನ ಜೊತೆ ಸೇರಿ ಆರೇಳು ವಾರದಲ್ಲಿ ಹುಡುಕಿದ್ದು.

1904ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ರ‍್ಯಾಮ್ಸೆ ಒಬ್ಬರಿಗೇ. ಟ್ರಾವರ್ಸ್ ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು, ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು. ಆಮೇಲೆ ಬೆಂಗಳೂರಿನ ಕರೆ ಬಂತು.

ಬೆಂಗಳೂರಿನಲ್ಲಿ ಎಂಟು ವರ್ಷ

ನಿಯಾನ್ ಸಿಕ್ಕ ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತ್ತು. ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನರಿಗಾಗಿ ಅಗಲ ರಸ್ತೆ, ಗಾಳಿ-ಬೆಳಕಿನ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು ಆಗಲೇ. ಎರಡು ವರ್ಷದ ನಂತರ, 1900ರಲ್ಲಿ, ರ‍್ಯಾಮ್ಸೆ ಭಾರತಕ್ಕೆ ಬಂದರು. ಜೆಮ್‌ಶೆಟ್‌ಜಿ ಟಾಟಾ ಕಟ್ಟಬೇಕೆಂದಿದ್ದ ಸಂಶೋಧನಾ ಸಂಸ್ಥೆ ಎಲ್ಲಿರಬೇಕು, ಹೇಗಿರಬೇಕು ಎಂದು ಸಲಹೆ ಕೊಡಲು ಅವರನ್ನು ಕರೆಸಿದ್ದರು. ಊರೂರು ನೋಡಿ ಅವರು ಹೇಳಿದ ಹೆಸರು ಬೆಂಗಳೂರು.

ಟಾಟಾ 1904ರಲ್ಲಿ ತೀರಿಕೊಂಡರು. 1906ರಲ್ಲಿ ಟ್ರಾವರ್ಸ್ ಮೊದಲ ನಿರ್ದೇಶಕರಾಗಿ ನೇಮಕಗೊಂಡರು. ಆಗ ಅವರಿಗೆ 34 ವರ್ಷ. ಕಟ್ಟಡ ಇರಲಿಲ್ಲ, ವಿದ್ಯಾರ್ಥಿಗಳೂ ಇರಲಿಲ್ಲ. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಮಲ್ಲೇಶ್ವರದ ಆಚೆಗೆ ಬಯಲಾಗಿದ್ದ ಆ ಜಾಗದಲ್ಲಿ ಕಟ್ಟಡಗಳ ನಕ್ಷೆಯಿಂದ ಹಿಡಿದು ಪ್ರಯೋಗಾಲಯದ ವ್ಯವಸ್ಥೆಯವರೆಗೆ ನೋಡಿಕೊಳ್ಳುವುದು ಅವರ ಕೆಲಸವಾಯಿತು. 1909ರ ಮೇ 27ರಂದು ಸಂಸ್ಥೆಗೆ ಕಾನೂನಿನ ರೂಪ ಸಿಕ್ಕಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು, ಅದೇ ವರ್ಷ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಇಂದು ಗೋಪುರವಿರುವ ಆ ಮುಖ್ಯ ಕಟ್ಟಡದ ಮುಂದೆ ಸೆಲ್ಫಿ ತೆಗೆದುಕೊಳ್ಳುವವರು ಬಹಳ. ಅದರ ಬೆನ್ನ ಹಿಂದೆ ಹೀಗೆ ಕಾಗದಪತ್ರ, ಕಲ್ಲು, ಗಾರೆಯ ಮಧ್ಯೆ ಕಳೆದ ಒಬ್ಬ ರಸಾಯನಶಾಸ್ತ್ರಜ್ಞರ ವರ್ಷಗಳಿವೆ.

ಆ ವರ್ಷಗಳು ಸುಖದ್ದಾಗಿರಲಿಲ್ಲ. ಸಂಸ್ಥೆ ನಡೆಸುವ ರೀತಿಯ ಬಗ್ಗೆ ಅವರಿಗೂ ಆಡಳಿತ ಮಂಡಳಿಗೂ ಹೊಂದಾಣಿಕೆ ಆಗಲಿಲ್ಲ. ಮೂರು ಮೂಲವಸ್ತು ಕಂಡುಹಿಡಿದ ಕೈಗಳು ಕಡತ ಮತ್ತು ಜಗಳದಲ್ಲೇ ಹೆಚ್ಚು ದಿನ ಕಳೆದವು. 1914ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು.

ಆದರೆ ಹಾಕಿದ ಅಡಿಪಾಯ ಉಳಿಯಿತು. ಲಂಡನ್ನಿನಲ್ಲಿ ನಿಯಾನಿನ ತೂಕವನ್ನು ನಿಖರವಾಗಿ ಅಳೆದಿದ್ದ ಎಚ್. ಇ. ವಾಟ್ಸನ್ 1911ರಲ್ಲಿ ಬೆಂಗಳೂರಿಗೆ ಬಂದಿದ್ದರು. ಮಹಾಯುದ್ಧದಿಂದ ಜರ್ಮನಿಗೆ ಶ್ರೀಗಂಧ ಹೋಗುವುದು ನಿಂತಾಗ, ಇಲ್ಲೇ ಗಂಧದೆಣ್ಣೆ ತೆಗೆಯುವ ವಿಧಾನ ರೂಪಿಸಿದವರು ಇದೇ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳದ ಹಿಂದಿನ ಕಥೆ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಹಳೆಯ ಜರಡಿ ಗೆದ್ದಿತು

ಟ್ರಾವರ್ಸ್ ಇನ್ನೂ ಬೆಂಗಳೂರಿನಲ್ಲಿದ್ದಾಗಲೇ, 1913ರಲ್ಲಿ, ಕೇಂಬ್ರಿಜ್‌ನಲ್ಲಿ ಆ್ಯಸ್ಟನ್ ಎಂಬ ವಿಜ್ಞಾನಿ ನಿಯಾನನ್ನು ಮಣ್ಣಿನ ಪೈಪಿನ ರಂಧ್ರಗಳಿಂದ ಮತ್ತೆ ಮತ್ತೆ ಹಾಯಿಸಿದರು. ಈ ಸಲ ಎರಡು ಭಾಗಗಳ ತೂಕದಲ್ಲಿ ಅತಿ ಸಣ್ಣ ವ್ಯತ್ಯಾಸ ಸಿಕ್ಕಿತು. ಒಂದೇ ನಿಯಾನಿನಲ್ಲಿ 20 ಮತ್ತು 22 ತೂಕದ ಎರಡು ಬಗೆ ಪರಮಾಣುಗಳಿದ್ದವು. ಇಂಥವನ್ನೇ ನಾವು ಈಗ ಐಸೊಟೋಪು ಎನ್ನುತ್ತೇವೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಯುರೇನಿಯಂ ಬೇರ್ಪಡಿಸಲು ಬಳಸಿದ ವಿಧಾನಗಳಲ್ಲಿ ಒಂದು ಇದೇ ತತ್ವದ್ದು. ಅಲ್ಲಿ ಎರಡು ಅನಿಲಗಳ ವೇಗದ ವ್ಯತ್ಯಾಸ ಶೇಕಡಾ ಅರ್ಧಕ್ಕೂ ಕಡಿಮೆ. ಅದಕ್ಕೇ ಸಾವಿರಾರು ಸಲ ಜರಡಿ ಹಿಡಿಯಬೇಕಾಯಿತು.

ಟ್ರಾವರ್ಸ್ ಯುದ್ಧಕಾಲದಲ್ಲಿ ಪ್ರಯೋಗಾಲಯದ ಗಾಜು ತಯಾರಿಸಿದರು, ನಂತರ ಕುಲುಮೆ ಮತ್ತು ಇಂಧನದ ಕೆಲಸಕ್ಕೆ ಇಳಿದರು, 1927ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯಕ್ಕೆ ಮರಳಿದರು. ತಮ್ಮ 84ನೇ ವಯಸ್ಸಿನಲ್ಲಿ, 1956ರಲ್ಲಿ, ಗುರು ರ‍್ಯಾಮ್ಸೆಯವರ ಜೀವನಚರಿತ್ರೆ ಪ್ರಕಟಿಸಿದರು. ನೊಬೆಲ್ ತನಗೆ ಬಾರದಿದ್ದರೂ ಗುರುವಿನ ಕಥೆಯನ್ನು ಶಿಷ್ಯನೇ ಬರೆದ. 1961ರ ಆಗಸ್ಟ್ 25ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಬಲೂನಿನ ಪ್ರಶ್ನೆ

ರಬ್ಬರ್ ಬಲೂನಿನ ಗೋಡೆ ನಮ್ಮ ಕಣ್ಣಿಗೆ ಗಟ್ಟಿ. ಅನಿಲದ ಅಣುವಿಗೆ ಅದು ಸಂದಿಗಳಿರುವ ಬೇಲಿ. ಹೀಲಿಯಂ, ಹೈಡ್ರೋಜನ್ ಎರಡೂ ಚಿಕ್ಕವು, ವೇಗದವು, ಆದ್ದರಿಂದ ಒಂದೇ ರಾತ್ರಿಯಲ್ಲಿ ಸಾಕಷ್ಟು ನುಸುಳಿಹೋಗುತ್ತವೆ. ಒಂದು ಎಚ್ಚರಿಕೆ: ರಬ್ಬರಿಗೆ ಗ್ರಹಾಂ ನಿಯಮ ಹಾಗೆಹಾಗೇ ಅನ್ವಯಿಸುವುದಿಲ್ಲ. ಅನಿಲ ಮೊದಲು ರಬ್ಬರಿನಲ್ಲಿ ಕರಗಿ ಆಮೇಲೆ ಆಚೆ ಹೋಗುತ್ತದೆ. ಇದನ್ನು 1866ರಲ್ಲಿ ವಿವರಿಸಿದವರೂ ಗ್ರಹಾಂ ಅವರೇ.

ಇಲ್ಲಿ ಮುಖ್ಯವಾದ ಮಾತು ಬೇರೆ. ಹೀಲಿಯಂಗೆ ಬೆಂಕಿ ಹತ್ತುವುದಿಲ್ಲ, ಹೈಡ್ರೋಜನ್‌ಗೆ ಹತ್ತುತ್ತದೆ. ಹೀಲಿಯಂ ದುಬಾರಿ, ಹಾಗಾಗಿ ಕೆಲವು ಕಡೆ ಬಲೂನಿಗೆ ಹೈಡ್ರೋಜನ್ ತುಂಬುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ತೇಲುತ್ತವೆ, ಹಿಡಿದು ನೋಡಿ ಗುರುತಿಸಲಾಗದು. ಮಕ್ಕಳ ಹುಟ್ಟುಹಬ್ಬದ ದಿನ ಇಂಥ ಬಲೂನಿನ ಗೊಂಚಲನ್ನು ಕೇಕಿನ ಮೇಣದಬತ್ತಿಯ ಹತ್ತಿರ ಕಟ್ಟಲೇಬೇಡಿ.

ಅಡುಗೆಮನೆಯ ಸತ್ಯ

ಸಿಲಿಂಡರಿನ ಎಲ್‌ಪಿಜಿಯಲ್ಲಿ ಇರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಅವುಗಳ ಅಣುತೂಕ 44 ಮತ್ತು 58. ಗಾಳಿಯ ಸರಾಸರಿ 29. ಅಂದರೆ ಸೋರಿದ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೆಲಕ್ಕಿಳಿದು ಕಟ್ಟೆಯ ಕೆಳಗೆ, ಮೋರಿಯಲ್ಲಿ, ಸಂಪಿನಲ್ಲಿ ಸೇರಿಕೊಳ್ಳುತ್ತದೆ. ಕಾಲಕ್ರಮೇಣ ಗಾಳಿಯೊಂದಿಗೆ ಬೆರೆಯುತ್ತದೆ ನಿಜ. ಆದರೆ ಬೆರೆಯುವುದು ನಿಧಾನ. ಗಾಳಿಯ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ, ಹಾಗಾಗಿ ಎಷ್ಟೇ ವೇಗವಿದ್ದರೂ ದೂರ ಸಾಗುವುದಿಲ್ಲ. ಕಿಟಕಿ ತೆರೆದು ಗಾಳಿಯಾಡಿಸಿದರೇ ಬೇಗ ಹೋಗುವುದು.

ಬೆಂಗಳೂರಿನ ಹಲವು ಮನೆಗಳಿಗೆ ಈಗ ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಮುಖ್ಯವಾಗಿ ಮೀಥೇನ್. ಅದರ ಅಣುತೂಕ 16, ಗಾಳಿಗಿಂತ ಹಗುರ, ಮೇಲೇರುತ್ತದೆ. ಫಾರ್ವರ್ಡ್ ಬರೆದವರು ಬಹುಶಃ ಇದನ್ನೂ ಸಿಲಿಂಡರನ್ನೂ ಬೆರೆಸಿದ್ದಾರೆ. ಆದರೆ ಯಾವ ಗ್ಯಾಸ್ ಆದರೂ ಫ್ಯಾನಿನ ಸಲಹೆ ತಪ್ಪೇ. ಸ್ವಿಚ್ ಒತ್ತಿದಾಗ ಒಳಗೆ ಹುಟ್ಟುವ ಪುಟ್ಟ ಕಿಡಿ ಸಾಕು. ಎಲ್‌ಪಿಜಿ ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು.

ಗ್ಯಾಸ್ ವಾಸನೆ ಬಂದರೆ ಹೀಗೆ ಮಾಡಿ:

- ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಫ್ಯಾನ್, ಲೈಟು, ಮಿಕ್ಸಿ ಎಲ್ಲಕ್ಕೂ ಇದೇ ಮಾತು.
- ಒಲೆಯನ್ನೂ ರೆಗ್ಯುಲೇಟರನ್ನೂ ಆಫ್ ಮಾಡಿ. ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ನಂದಿಸಿ.
- ಬಾಗಿಲು, ಕಿಟಕಿ ಎಲ್ಲ ತೆರೆಯಿರಿ. ನೆಲಮಟ್ಟದವರೆಗೆ ತೆರೆದುಕೊಳ್ಳುವ ಬಾಗಿಲು ಬಹಳ ಮುಖ್ಯ.
- ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಮಾತ್ರ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ ದಿನದ 24 ಗಂಟೆಯೂ ಇರುವ ಸಹಾಯವಾಣಿ 1906. ಪೈಪ್ ಗ್ಯಾಸ್ ಇದ್ದರೆ ನಿಮ್ಮ ಬಿಲ್ಲಿನಲ್ಲಿರುವ ತುರ್ತು ಸಂಖ್ಯೆ.
- ಸೋರಿಕೆ ಇದೆಯೇ ಎಂದು ಬೆಂಕಿಕಡ್ಡಿ ಗೀರಿ ಎಂದೂ ನೋಡಬೇಡಿ. ಅನುಮಾನ ಇದ್ದಾಗ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ. ರಬ್ಬರ್ ಪೈಪಿನ ಮೇಲೆ ಅಚ್ಚಾದ ದಿನಾಂಕ ನೋಡಿ, ಅವಧಿ ಮುಗಿದಿದ್ದರೆ ಬದಲಿಸಿ.

1906 ಎಂಬ ಸಂಖ್ಯೆ ನೆನಪಿಡಲು ನಾನೊಂದು ದಾರಿ ಹುಡುಕಿಕೊಂಡಿದ್ದೇನೆ. ಟ್ರಾವರ್ಸ್ ನಮ್ಮ ಊರಿನ ಸಂಸ್ಥೆಗೆ ನೇಮಕವಾದ ಇಸವಿಯೂ 1906. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ದಯವಿಟ್ಟು ಇದನ್ನು ಹೊಸ ಫಾರ್ವರ್ಡ್ ಮಾಡಬೇಡಿ. ಆದರೆ ದೊಡ್ಡಮ್ಮನಿಗೆ ಹೀಗೆ ಹೇಳಿಕೊಟ್ಟ ಮೇಲೆ ಅವರು ಆ ಸಂಖ್ಯೆ ಮರೆತಿಲ್ಲ. ಹಳೆಯ ಫಾರ್ವರ್ಡ್ ಕಳಿಸಿದ್ದ ಮೂರೂ ಗ್ರೂಪಿಗೆ ತಿದ್ದುಪಡಿಯನ್ನೂ ಕಳಿಸಿದ್ದಾರೆ.